ಗುಡಿಸಿದ ಮರಳು

ನನ್ನ ತವರು ಹೊನ್ನಾಳಿ. ಮನೆಯಿಂದ ಹೊಳೆ ಕೂಗಳತೆಯ ದೂರ. ಗಂಡನ ಮನೆ ಜಗಳೂರು. ಅಲ್ಲಿ ನೀರೆಂದರೆ ಕೊಳವೆಬಾವಿ, ಇಲ್ಲವೇ ಟ್ಯಾಂಕರ್. ಆ ಮನೆಯ ಕಿರಿಯವಳು, ನನ್ನ ನಾದಿನಿ, ದಾವಣಗೆರೆಯಲ್ಲಿ ನರ್ಸಿಂಗ್ ಓದುವಾಗ ಈಜುಕೊಳದಲ್ಲಿ ಈಜು ಕಲಿತಳು. ಆಮೇಲೆ ಅವಳಿಗೆ ಒಂದೇ ಹುಚ್ಚು: ಸಮುದ್ರದಲ್ಲಿ ಈಜಬೇಕು. ಚನ್ನಗಿರಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ ಮೊದಲ ಸಲ ಉದ್ದನೆಯ ರಜೆ ಸಿಕ್ಕಾಗ ನನ್ನ ಹತ್ತಿರ ಬಂದಳು.

"ಅತ್ತಿಗೆ, ಅಂಡಮಾನಿಗೆ ಹೋಗಾಣ ಬರ್ರಿ. ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು, ಎಲ್ಲಿ ಚೆನ್ನಾಗೈತೋ ಅಲ್ಲಿ ಉಳಿಯಾದು."

ಅತ್ತೆಗೆ ಸಮಾಧಾನವಿರಲಿಲ್ಲ. "ಇಬ್ರೂ ಹೆಣ್ಮಕ್ಳು, ನಡು ಸಮುದ್ರದಾಗೆ ಏನ್ ಮಾಡಾಕೆ ಹೋಗ್ತೀರಿ?" ಎಂದರು. ನನ್ನ ಗಂಡ ಅವರನ್ನು ಹೇಗೋ ಒಪ್ಪಿಸಿದರು.

ಬ್ಯಾಗು ಹೊತ್ತು ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಅಲೆದು, ಕೊನೆಗೆ ತೀರ ಸಣ್ಣದೊಂದು ದ್ವೀಪಕ್ಕೆ ಬಂದೆವು. ತೆಂಗಿನ ಮರಗಳ ನಡುವೆ ಗರಿ ಹೊದಿಸಿದ ಗುಡಿಸಲುಗಳು, ಅದೇ ರೆಸಾರ್ಟು. ಪಕ್ಕದಲ್ಲಿ ಕಾಡಿನಿಂದ ಇಳಿದು ಸಮುದ್ರ ಸೇರುವ ಒಂದು ಕಪ್ಪು ನೀರಿನ ತೊರೆ. ಸೀಸನ್ ಮುಗಿಯುತ್ತಿತ್ತು. ನಮ್ಮನ್ನು ಬಿಟ್ಟರೆ ವಯಸ್ಸಾದ ಮರಾಠಿ ದಂಪತಿ ಮಾತ್ರ ಇದ್ದರು.

ಈಗ ನಾನೂ ಗಂಡನೂ ಇರುವುದು ನ್ಯಾಮತಿಯಲ್ಲಿ, ಅವರ ಗೊಬ್ಬರದ ಅಂಗಡಿಯ ಮೇಲೆ. ಲಾರಿಯ ಸದ್ದಿಲ್ಲದೆ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ. ಇಲ್ಲಿ ಮರದಿಂದ ಮರಕ್ಕೆ ಕಟ್ಟಿದ ಬಲೆಯ ಜೋಲಿಯಲ್ಲಿ ಮಲಗಿದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಾದಿನಿ ಇಡೀ ದಿನ ನೀರಿನಲ್ಲಿರುತ್ತಿದ್ದಳು. ನಾನು ಅವಳನ್ನು ನೋಡುತ್ತ ನಗುತ್ತಿದ್ದೆ.

ಬೆಳಿಗ್ಗೆ ಬೇಗ ಏಳುವುದು ನನ್ನ ಅಭ್ಯಾಸ. ಎದ್ದು ಹೊರಗೆ ಬಂದರೆ ರೆಸಾರ್ಟಿನ ಮ್ಯಾನೇಜರ್ ತಾನೇ ತೆಂಗಿನ ಗರಿ ಹಿಡಿದು ಮರಳು ಗುಡಿಸುತ್ತಿದ್ದ. ತೊರೆಯ ಕಡೆಯಿಂದ ನಮ್ಮ ಗುಡಿಸಲುಗಳ ಹಿಂದಿನವರೆಗೆ. ನನ್ನನ್ನು ಕಂಡು ಬೆಚ್ಚಿದ.

"ಕಸ," ಎಂದ ಹಿಂದಿಯಲ್ಲಿ. ಕಸ ನನಗೆಲ್ಲೂ ಕಾಣಲಿಲ್ಲ.

ಮರುದಿನವೂ ಗುಡಿಸಿದ್ದ, ಆದರೆ ಮರದ ಬೇರುಗಳ ಕೆಳಗೆ ಸ್ವಲ್ಪ ಜಾಗ ಉಳಿದುಹೋಗಿತ್ತು. ಅಲ್ಲಿ ಮರಳಿನಲ್ಲಿ ಏನನ್ನೋ ಎಳೆದುಕೊಂಡು ಹೋದಂಥ ಅಗಲವಾದ ಗೆರೆ. ಅದರ ಎರಡೂ ಬದಿಗೆ ಉಗುರಿನ ಗುರುತು. ಚಿಕ್ಕವಳಿದ್ದಾಗ ಹೊನ್ನಾಳಿಯಲ್ಲಿ ಹೊಳೆಯ ನೀರು ಇಳಿದ ಮೇಲೆ ಮರಳ ದಿಬ್ಬದಲ್ಲಿ ಇಂಥದೇ ಗೆರೆ ನೋಡಿದ್ದೆ. ಅಜ್ಜ ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡಿದ್ದರು. ಎಷ್ಟೋ ದಿನ ಅಲ್ಲಿ ಯಾರೂ ಬಟ್ಟೆ ಒಗೆಯಲಿಲ್ಲ. ಆದರೆ ಈ ಗೆರೆ ಅದಕ್ಕಿಂತ ಬಹಳ ಅಗಲವಿತ್ತು.

ನಾದಿನಿ ಆಗಲೇ ನೀರಿಗಿಳಿದಿದ್ದಳು.

ಓಡಿದೆ. ಅವಳು ಕಣ್ಣು ಮುಚ್ಚಿ ಅಂಗಾತ ತೇಲುತ್ತಿದ್ದಳು. ತೊರೆಯ ಬಾಯಿಯ ಹತ್ತಿರ ಒಂದು ಮರದ ದಿಮ್ಮಿ. ತೊರೆಯ ನೀರು ಕಸಕಡ್ಡಿಯನ್ನೆಲ್ಲ ಹೊರಗೆ ಒಯ್ಯುತ್ತಿತ್ತು. ದಿಮ್ಮಿ ಮಾತ್ರ ಅಡ್ಡಡ್ಡಲಾಗಿ ಅವಳ ಕಡೆಗೆ ಬರುತ್ತಿತ್ತು. ಮೊಸಳೆ ಎಂದು ಕೂಗಿದರೆ ಗಾಬರಿಯಲ್ಲಿ ಕೈಕಾಲು ಬಡಿಯುತ್ತಾಳೆ ಎನಿಸಿತು.

"ಅಮ್ಮನ ಫೋನ್ ಬಂದೈತೆ! ಅಳ್ತಾ ಅದಾರೆ! ಬೇಗ ಬಾ!"

ಅವಳು ತಿರುಗಿ ನೇರ ದಡಕ್ಕೆ ಈಜಿದಳು. ಮಂಡಿ ಮಟ್ಟದ ನೀರಿಗೆ ಬರುವಷ್ಟರಲ್ಲಿ ದಿಮ್ಮಿ ಕಾಣಲಿಲ್ಲ. ಅದು ಕಾಣದೇ ಹೋದದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ಕೈ ಹಿಡಿದು ಮರಗಳವರೆಗೂ ಎಳೆದುಕೊಂಡು ಓಡಿದೆ.

"ಏನಾತ್ರೀ ಅತ್ತಿಗೆ? ಅಮ್ಮಗೆ ಏನಾತು?"

ಗೆರೆಯ ಕಡೆ ಕೈ ತೋರಿಸಿದೆ.

ಮ್ಯಾನೇಜರ್ ಅಲ್ಲಗಳೆಯಲಿಲ್ಲ. "ಅದು ಬರುತ್ತದೆ, ಹೋಗುತ್ತದೆ. ಇದುವರೆಗೆ ಯಾರಿಗೂ ಏನೂ ಆಗಿಲ್ಲ. ಆ ದಂಪತಿಗೆ ಹೇಳಬೇಡಿ, ಸುಮ್ಮನೆ ಹೆದರುತ್ತಾರೆ," ಎಂದು ಕೈ ಮುಗಿದ. ನಾವು ನೇರ ಅವರ ಗುಡಿಸಲಿಗೆ ಹೋಗಿ ಹೇಳಿದೆವು. ಆ ಹೆಂಗಸು ದಿನಾ ಸಂಜೆ ತೊರೆಯಲ್ಲಿ ಕಾಲು ತೊಳೆಯುತ್ತಿದ್ದರಂತೆ. ಅವರು ತಮ್ಮ ಪಾದಗಳನ್ನೇ ನೋಡುತ್ತ ಕುಳಿತುಬಿಟ್ಟರು.

ಗಾಳಿ ಜೋರಾಗಿ ಅಂದು ದೋಣಿ ಬರಲಿಲ್ಲ. ನಾಲ್ವರೂ ಊಟದ ಚಪ್ಪರದಲ್ಲಿ ಕುಳಿತೆವು. ತೀರದ ಹತ್ತಿರ ನೀರು ತಿಳಿಯಾಗಿ, ನೀಲಿಯಾಗಿ, ಮೊದಲ ದಿನದಷ್ಟೇ ಚೆಂದವಾಗಿತ್ತು. ಯಾರೂ ಅದರಿಂದ ಕಣ್ಣು ತೆಗೆಯಲಿಲ್ಲ. ಅಡುಗೆಮನೆಯ ಹಿಂದೆ ಕಟ್ಟಿದ್ದ ಮೇಕೆ ಆಗಾಗ ಒದರುತ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಗೂಟಕ್ಕೆ ತುಂಡು ಹಗ್ಗ ಮಾತ್ರ ಇತ್ತು. ಸುತ್ತ ಮರಳನ್ನು ನುಣ್ಣಗೆ ಗುಡಿಸಲಾಗಿತ್ತು.

ಮಧ್ಯಾಹ್ನ ದೋಣಿ ಬಂತು. ಅದರಿಂದ ಇಳಿಯಲು ಗಂಡ ಹೆಂಡತಿ, ಅವರ ಪುಟ್ಟ ಮಗಳು ನಿಂತಿದ್ದರು. ಮ್ಯಾನೇಜರ್ ಎಳನೀರು ಹಿಡಿದು ನಗುತ್ತಿದ್ದ. ನಾದಿನಿ ದೋಣಿಯಿಂದ ಇಳಿಯುವ ಹಲಗೆಗೆ ಅಡ್ಡ ನಿಂತು, ಬರುವಷ್ಟು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಗಂಡ ನಕ್ಕ. ಹೆಂಡತಿ ನಗಲಿಲ್ಲ, ಮಗಳನ್ನು ಎತ್ತಿಕೊಂಡು ದೋಣಿಯೊಳಗೆ ವಾಪಸ್ ಹೋಗಿ ಕುಳಿತಳು. ಸ್ವಲ್ಪ ಹೊತ್ತು ಜಗಳವಾಡಿ ಅವನೂ ಹೋದ.

ಬಂದರಿನಲ್ಲಿ ನಾವು ಅರಣ್ಯ ಇಲಾಖೆಯವರಿಗೆ ತಿಳಿಸಿದೆವು. ಅವರು ಆ ತೀರಕ್ಕೆ ಬೇಲಿ ಹಾಕಿ, ನೀರಿಗಿಳಿಯದಂತೆ ಮಾಡಿದ್ದಾರೆಂದು ಆಮೇಲೆ ಮರಾಠಿ ದಂಪತಿ ಫೋನಿನಲ್ಲಿ ಹೇಳಿದರು. ಊರಲ್ಲಿ ಅತ್ತೆಗೆ ನಾವು ಈ ವಿಷಯ ಇವತ್ತಿಗೂ ಹೇಳಿಲ್ಲ.

ಆದರೆ ನನಗೆ ಪದೇ ಪದೇ ನೆನಪಾಗುವುದು ದೋಣಿ ಹೊರಟ ಆ ಗಳಿಗೆ. ಮ್ಯಾನೇಜರ್ ನಮ್ಮ ಕಡೆ ಏನೋ ಕೂಗಿದ. ಎಳನೀರನ್ನು ಕೆಳಗಿಟ್ಟು, ಪ್ಯಾಂಟು ಮಡಚಿ, ತೊರೆ ಸೇರುವ ಕಡೆಯೇ ನೀರಿಗಿಳಿದ. ನೋಡಿ, ಏನೂ ಆಗುವುದಿಲ್ಲ ಎಂಬಂತೆ ಎರಡೂ ಕೈ ಎತ್ತಿ ಬೀಸತೊಡಗಿದ. ಮಂಡಿಯವರೆಗೆ, ಆಮೇಲೆ ಸೊಂಟದವರೆಗೆ. ಸುಳ್ಳು ಹೇಳಿದವನ ಮೇಲಿನ ಸಿಟ್ಟು ಅಷ್ಟರಲ್ಲಿ ನಮ್ಮಲ್ಲಿ ಉಳಿದಿರಲಿಲ್ಲ. ನಾದಿನಿ ದೋಣಿಯ ಕಂಬಿ ಬಿಗಿಯಾಗಿ ಹಿಡಿದು, ಅವನಿಗೆ ಕೇಳಿಸದ ದನಿಯಲ್ಲಿ, ಅವನಿಗೆ ತಿಳಿಯದ ಕನ್ನಡದಲ್ಲಿ, "ಮ್ಯಾಲೆ ಬಾರಪ್ಪ, ಮ್ಯಾಲೆ ಬಾ," ಎನ್ನುತ್ತಲೇ ಇದ್ದಳು.