ಕೆರೆದು ತೆಗೆದ ಚುಕ್ಕೆಗಳು

ಕೊಟ್ಟೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಉಳಿದವರೆಲ್ಲ ಕಲರ್‌ಗೆ ಹೋದರು. ಕಪ್ಪು-ಬಿಳುಪು ತೊಳೆಯುವವನು ನಾನೊಬ್ಬನೇ ಉಳಿದೆ. ಟಚಪ್ ಅಂದರೆ ನನಗೆ ಎಲ್ಲಿಲ್ಲದ ಸೊಕ್ಕು. ಹೊಸ ಬ್ಲೇಡಿನ ಮೂಲೆಯಿಂದ ಪ್ರಿಂಟಿನ ಮೇಲಿನ ಕಪ್ಪು ಚುಕ್ಕೆಯನ್ನು ಕಾಗದ ಹರಿಯದಂತೆ ಕೆರೆದು ತೆಗೆಯುತ್ತಿದ್ದೆ. ಹೆಣ್ಣು ತೋರಿಸುವ ಫೋಟೋಗೆ ಹರಪನಹಳ್ಳಿ, ಕೂಡ್ಲಿಗಿಯಿಂದಲೂ ಜನ ಬರುತ್ತಿದ್ದರು. ಮೊಡವೆ, ಸಿಡುಬಿನ ಕಲೆ, ಏನಿದ್ದರೂ ಮಾಯ.

ಹಡಗಲಿ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಒಂದು ದಿನ ಫಿಲ್ಮ್ ರೋಲು ತಂದಳು. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಹಚ್ಚಿ ತೆಗೆದದ್ದಂತೆ. ತೊಳೆದು ನೋಡಿ, "ಏನವ್ವಾ ಇವು, ಶಾವಿಗಿ ಚೂರು?" ಎಂದೆ.

"ಕಪ್ಪಿ ಕ್ರೋಮೋಸೋಮ್ ರೀ. ಭಾಳ ಹಳೇ ವಂಶದ ಕಪ್ಪಿ, ಪರದೇಶದಿಂದ ಸ್ಲೈಡ್ ಬಂದಾವ. ಇದಕ್ಕ ಯಾವ ಕಪ್ಪಿ ಹತ್ತಿರದ ಸಂಬಂಧಿ ಅಂತ ಹುಡುಕಾಕತ್ತೀನಿ."

ಅವರ ಕಡೆಯ ಮಾಗಳದ ಹೊಳೆದಂಡೆಯಲ್ಲಿ ಬೇಕಾದಷ್ಟು ಕಪ್ಪೆ ಇರುವಾಗ ಪರದೇಶದ್ದೇಕೆ ಎಂದು ನಕ್ಕೆ. ಮರುದಿನ ಪ್ರಿಂಟ್ ಕೊಟ್ಟೆ. ಸ್ಟುಡಿಯೋ ಪದ್ಧತಿಯಂತೆ ನೆಗೆಟಿವ್ ನನ್ನಲ್ಲೇ ಉಳಿಯಿತು.

ಎರಡು ವರ್ಷದ ಮೇಲೆ ಮತ್ತೆ ಬಂದಳು. ಸಂಶೋಧನೆ ಬಿಟ್ಟಿದ್ದಳು, ಯಾವುದೋ ನೌಕರಿಯ ಅರ್ಜಿಗೆ ಫೋಟೋ ಬೇಕಿತ್ತು. "ಗಲ್ಲದ ಮ್ಯಾಲಿನ ಮಚ್ಚಿ ತೆಗಿಬ್ಯಾಡ್ರಿ. ಅರ್ಜಿಯೊಳಗ ಅದನ್ನ ಗುರುತು ಅಂತ ಬರ್ದೀನಿ."

ನನಗೆ ಪಿತ್ತ ನೆತ್ತಿಗೇರಿತು. "ನನಗ ಕಸಬು ಹೇಳಿಕೊಡ್ತೀಯೇನವ್ವಾ? ನಿನ್ನ ಕಪ್ಪಿ ಫೋಟೋದಾಗ ಎಷ್ಟು ಹೊಲಸು ಚುಕ್ಕಿ ಇದ್ದವು! ಒಂದೂ ಬಿಡದಂಗ ಕೆರ್ದು ಕೊಟ್ಟಿದ್ದೆ!"

ಅವಳು ಕುರ್ಚಿ ಎಳೆದು ಕೂತು ಎಲ್ಲ ಬಿಡಿಸಿ ಹೇಳಿದಳು. ಆ ಚುಕ್ಕೆಗಳೂ ಪುಟ್ಟ ಕ್ರೋಮೋಸೋಮುಗಳೇ ಆಗಿದ್ದವು. ಹಳೇ ಕಪ್ಪೆಗಳ ನಂಟನ್ನು ಅವಳು ಅವುಗಳಿಂದಲೇ ತೋರಿಸಬೇಕಿತ್ತು. ಸೂಕ್ಷ್ಮದರ್ಶಕದಲ್ಲಿ ಕಂಡಿದ್ದೇನೆ ಎಂದು ಅವಳು, ಫೋಟೋದಲ್ಲಿ ಎಲ್ಲಿವೆ ಎಂದು ಅವಳ ಸಂಶೋಧನೆಯ ಗೈಡು. ಸ್ಲೈಡುಗಳು ಅಷ್ಟರಲ್ಲಿ ಪರದೇಶಕ್ಕೆ ವಾಪಸು ಹೋಗಿದ್ದವು. ಫೋಟೋ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆಯಲ್ಲಿ ನೆಗೆಟಿವ್ ನೋಡೋಣವೆಂದು ಯಾರಿಗೂ ಹೊಳೆಯಲಿಲ್ಲ. ಕಡೆಗೆ ಅವಳು ತನ್ನ ಕಣ್ಣನ್ನೇ ನಂಬದಾಗಿ ಸಂಶೋಧನೆ ಬಿಟ್ಟಿದ್ದಳು.

ಅಯ್ಯೋ ಶಿವನೇ! ಇದ್ದಬದ್ದ ಡಬ್ಬಿಗಳನ್ನೆಲ್ಲ ತಡಕಾಡಿ ನೆಗೆಟಿವ್ ತೆಗೆದೆ. ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕೆಂಪು ದೀಪದಡಿ ಪ್ರಿಂಟ್ ಹಾಕಿದೆ. ಮೊದಲು ಶಾವಿಗೆ ಚೂರುಗಳು ಮೂಡಿದವು, ಆಮೇಲೆ ಒಂದೊಂದೇ ಚುಕ್ಕೆ. ಅವಳು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. "ನಾ ಕಂಡಿದ್ದು ಖರೇನ ಇತ್ತಲ್ರಿ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಕಣ್ಣೊರೆಸಿಕೊಂಡು, "ಬರ್ದು ಕೊಡ್ರಿ" ಎಂದಳು. "ಬರೇ ಫೋಟೋ ಒಯ್ದರ, ಚುಕ್ಕಿ ನೀನ ಇಟ್ಟೀ ಅಂತಾರ."

ಕಸುಬಿನ ಮಾನವನ್ನು ನನ್ನ ಕೈಯಿಂದಲೇ ಕಳೆದುಕೊಂಡು ಸೀಲು ಬೇರೆ ಒತ್ತಬೇಕು! ಪೆನ್ನಿನ ಕ್ಯಾಪು ತೆಗೆದೆ, ಮತ್ತೆ ಹಾಕಿದೆ. ಅವಳು ಎದುರಿಗೇ ನಿಂತಿದ್ದಳು. ಕೊನೆಗೆ ಬರೆದೆ: "ಕಪ್ಪೆಯ ಫೋಟೋದಲ್ಲಿ ಚುಕ್ಕೆಗಳಿದ್ದವು. ಈ ಹುಡುಗಿ ಸರಿಯಾಗಿಯೇ ನೋಡಿದ್ದಾಳೆ. ಕಸವೆಂದು ತಿಳಿದು ಕೆರೆದವನು ನಾನು."