ಜರ್ಮನಿಯ ಮೇಯರ್ ಸೋತದ್ದು

ಜರ್ಮನಿಯ ಸಣ್ಣ ಊರೊಂದಕ್ಕೆ ಹದಿನಾರು ವರ್ಷ ಮೇಯರ್ ಆಗಿದ್ದವರನ್ನು ಮುಳಬಾಗಿಲು ಕಡೆಯ ಪಂಚಾಯ್ತಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಅವರ ಮಾತನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಅಧ್ಯಕ್ಷರ ಕುರ್ಚಿಯಲ್ಲಿ ಅಧ್ಯಕ್ಷೆಯ ಗಂಡ ಕೂತಿದ್ದರು. ಚುನಾವಣೆ ಗೆದ್ದ ಆಯಮ್ಮ ನಮಗೆ ಟೀ ಕೊಟ್ಟು ಬಾಗಿಲ ಹತ್ತಿರ ನಿಂತರು.

"ಅಷ್ಟು ವರ್ಷ ಇದ್ದೋರು ಯಾಕ್ ಸಾರ್ ಬಿಟ್ರಿ?" ಗಂಡ ಕೇಳಿದರು.

ಮೇಯರ್ ನಕ್ಕರು. "ಬಿಡಲಿಲ್ಲ, ಸೋತೆ. ನನ್ನ ಆಫೀಸಿನಲ್ಲಿ ಕಾಫಿ ಕೊಡುತ್ತಿದ್ದ ಹೆಂಗಸೇ ಎದುರು ನಿಂತು ಗೆದ್ದಳು. ನಾನೂ ಅವಳಿಗೇ ಓಟು ಹಾಕಿದೆ."

ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ.

ಗಂಡನ ಲೋಟ ತುಟಿಯ ಹತ್ತಿರವೇ ನಿಂತಿತು. "ಸರಿಯಾಗಿ ಕೇಳಿಸ್ಕೊಂಡ್ಯೇನಪ್ಪಾ?" ಅಂತ ನನ್ನನ್ನು ಕೇಳಿದರು.

"ಹೂಂ ಅಣ್ಣಾ."

ಆಯಮ್ಮ ಲೋಟ ಎತ್ತಲು ಬಂದರು. "ಇರ್ಲಿ, ನಾನೇ ಎತ್ತಿಡ್ತೀನಿ" ಅಂತ ಗಂಡ ಗಾಬರಿಯಿಂದ ಎದ್ದರು.

ಎದ್ದದ್ದೇ ತಪ್ಪಾಯಿತು. ಲೋಟ ಇಟ್ಟು ಬರುವಷ್ಟರಲ್ಲಿ ಆಯಮ್ಮ ಕುರ್ಚಿಯಲ್ಲಿ ಕೂತಾಗಿತ್ತು.