ಶುಕ್ರವಾರ ಬಿಚ್ಚದ ಹಾರ

ಯಶವಂತಪುರದ ಗುಂಡಣ್ಣನವರನ್ನು ನೆನೆದರೆ ನನಗೆ ಇವತ್ತಿಗೂ ಅರ್ಧ ಗೌರವ, ಅರ್ಧ ಸಿಟ್ಟು. ಫಿಟ್ಟರ್ ಆಗಿದ್ದವರು ಎಪ್ಪತ್ತನಾಲ್ಕರಲ್ಲಿ ನಾಲ್ಕು ಪ್ರೆಸ್ಸು ಕೂರಿಸಿ ತಗಡಿನ ಮುಚ್ಚಳ ಒತ್ತುವ ಶೆಡ್ಡು ತೆರೆದರು. ಇಪ್ಪತ್ತೆರಡು ಜನ ಕೆಲಸಗಾರರು, ಒಬ್ಬ ಟೈಪಿಸ್ಟು. ಆ ಟೈಪಿಸ್ಟು ನಾನು. ಹಾಜರಿ ಪುಸ್ತಕದಲ್ಲಿ ಯಾರೂ ಹೆಬ್ಬೆಟ್ಟು ಒತ್ತಕೂಡದು ಎಂಬುದು ಅವರ ಹಟ. ಪುಟ್ಟೇನಹಳ್ಳಿಯಿಂದ ಸೈಕಲ್ ತುಳಿದು ಬರುತ್ತಿದ್ದ ಸೊಣ್ಣಪ್ಪನನ್ನು ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಆರು ತಿಂಗಳು ತಿದ್ದಿಸಿ ರುಜು ಕಲಿಸಿದ್ದರು. 'ಣ್ಣ' ಬರೆಯುವಾಗ ಅವನ ನಾಲಿಗೆ ಹೊರಗೆ ಬರುತ್ತಿತ್ತು.

ಎಂಬತ್ತೊಂದರ ಆಯುಧಪೂಜೆಗೆ ಪ್ರೆಸ್ಸುಗಳ ಗಾರ್ಡು ಬಿಚ್ಚಿಸಿದವರೂ ಅವರೇ. ಗಾರ್ಡೆಂದರೆ ಕೈ ಒಳಗೆ ಹೋಗದಂತೆ ತಡೆಯುವ ಕಬ್ಬಿಣದ ಜಾಲರಿ. "ದೇವ್ರ ಮುಖಕ್ಕೆ ಪರದೆ ಹಾಕಿ ಯಾರಾದ್ರೂ ಪೂಜೆ ಮಾಡ್ತಾರೇನ್ರಯ್ಯ?" ಎಂದು, ಜಾಲರಿ ಕೂರುವ ಕೊಕ್ಕೆಗಳಿಗೇ ಸೇವಂತಿಗೆ ಹಾರ ಕಟ್ಟಿಸಿದರು. ಬುಧವಾರ ಪೂಜೆ, ಗುರುವಾರ ವಿಜಯದಶಮಿಯ ರಜೆ. ಶುಕ್ರವಾರ ಕೆಲಸ ಶುರುವಾಯಿತು. ಹಾರ ಬಿಚ್ಚದೆ ಜಾಲರಿ ಕೂರದು. ಆದರೆ ಶುಕ್ರವಾರದ ದಿನ ಪೂಜೆಯ ಹಾರ ಬಿಚ್ಚುವುದುಂಟೇ? "ನಾಳೆ ಬಿಚ್ಚೋಣ, ಇವತ್ತೊಂದಿನ ಹುಷಾರಾಗಿ ಓಡ್ಸಿ" ಎಂದರು. ಹನ್ನೊಂದು ಗಂಟೆಗೆ ಸೊಣ್ಣಪ್ಪನ ಬಲಗೈಯ ಮೂರು ಬೆರಳು ಹೋದವು.

ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ವರದಿ ಕಳಿಸಬೇಕಿತ್ತು. "ಗಾರ್ಡ್ ಅವನೇ ತೆಗ್ದ ಅಂತ ಬರೆದು, ಅವನ ಕೈಲೇ ಒಪ್ಪಿಸ್ಬಿಡಿ ಗುಂಡಣ್ಣೋರೆ. ನಿಜ ಬರೆದ್ರೆ ಶೆಡ್ಡಿಗೆ ಬೀಗ ಬೀಳತ್ತೆ" ಎಂದರು ವಕೀಲ ತ್ರಿವಿಕ್ರಮ. ಗುಂಡಣ್ಣನವರು ತಲೆಯಾಡಿಸಿದರು. ಉಪ್ಪು ತಿಂದ ಮನೆ. ನಾನೂ ಹಾಗೇ ಟೈಪ್ ಮಾಡಿದೆ.

ಆಸ್ಪತ್ರೆಯಲ್ಲಿ ಅದನ್ನು ಓದಿ ಹೇಳಿದೆವು. "ಆಗ್ಲಿ ಸಾಮಿ" ಎಂದ ಸೊಣ್ಣಪ್ಪ. "ಶೆಡ್ಡು ಮುಚ್ಚಿದ್ರೆ ನಮ್ಮೂರೋರೇ ಐದು ಜನ ಅವ್ರೆ, ಎಲ್ಲಿಗೋಗ್ತಾರೆ? ಇಂಕು ಕೊಡಿ." ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆರಳನ್ನು ಚಾಚಿದ.

ಗುಂಡಣ್ಣನವರು ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಆ ಬೆರಳನ್ನು ನೋಡಿದರು. ಆಮೇಲೆ ಕಾಗದ ಎಳೆದುಕೊಂಡು ಹರಿದೇಬಿಟ್ಟರು. "ತೆಗ್ಸಿದ್ದು ನಾನು. ಹಂಗೇ ಟೈಪ್ ಮಾಡಯ್ಯ" ಎಂದರು ನನಗೆ. ಆಗ ನನಗೆ ಹೆಮ್ಮೆಯಾದದ್ದು ನಿಜ.

ಹೆಮ್ಮೆಯಿಂದ ಹೊಟ್ಟೆ ತುಂಬೀತೇ? ಕೇಸಾಗಿ ಶೆಡ್ಡು ಐದು ತಿಂಗಳು ಮುಚ್ಚಿತ್ತು. ಮುಚ್ಚಳ ಕೊಳ್ಳುತ್ತಿದ್ದ ಕಂಪನಿ ಬೇರೆ ಕಡೆ ಹೋಯಿತು. ಬೀಗ ತೆಗೆದಾಗ ಒಂಬತ್ತು ಜನರಿಗಷ್ಟೇ ಕೆಲಸವಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಧೈರ್ಯ ಬೇಕಾಗಿದ್ದದ್ದು ಶುಕ್ರವಾರ ಬೆಳಿಗ್ಗೆ, ಹಾರ ಬಿಚ್ಚುವುದಕ್ಕೆ. ನನ್ನ ಸಿಟ್ಟು ಅದೇ.

ಸೊಣ್ಣಪ್ಪನಿಗೆ ಗೇಟು ಕಾಯುವ ಕೆಲಸ ಕೊಟ್ಟರು. ಮೊದಲ ದಿನ ಹಾಜರಿ ಪುಸ್ತಕ ಮುಂದಿಟ್ಟು, "ಎಡಗೈಲಿ ಕಲಿಸ್ತೀನಿ, ಕೂತ್ಕೋಳಯ್ಯ" ಎಂದರು.

"ಬ್ಯಾಡಿ ಸಾಮಿ. ಅವತ್ತೇ ಎಬ್ಬೆಟ್ಟು ಒತ್ತಿಸ್ಕಂಡಿದ್ರೆ ಎಲ್ಲಾ ಅಲ್ಲಿಗೇ ಮುಗ್ದೋಗ್ತಿತ್ತು. ನಿಮ್ ಮನಸ್ಸು ತಣ್ಣಗಾಯ್ತು. ನನ್ನಿಂದ್ಲೇ ಕೆಲ್ಸ ಓಯ್ತು ಅಂತ ನಮ್ಮೂರಾಗೆ ಈಗ ನನ್ನ ಯಾರೂ ಮಾತಾಡ್ಸಲ್ಲ."

ಅವನು ಹೆಬ್ಬೆಟ್ಟೇ ಒತ್ತಿದ. ಮರುದಿನವೂ ಒತ್ತಿದ. ಗುಂಡಣ್ಣನವರು ಬೇಡವೆನ್ನಲಿಲ್ಲ. ತಾವು ಬದುಕಿದ್ದಷ್ಟು ದಿನವೂ ಬೆಳಿಗ್ಗೆ ಎಂಟಕ್ಕೆ ಗೇಟಿಗೆ ಬಂದು, ಆ ಇಂಕ್ ಪ್ಯಾಡನ್ನು ತಾವೇ ತೆರೆದು ಅವನ ಮುಂದೆ ಹಿಡಿಯುತ್ತಿದ್ದರು.